ಅತ್ತೆಯ ಸ್ವೆಟರು ಕೇದಾರಕ್ಕೆ ಹೊರಟದ್ದು

ಕೌದಿಗಳನ್ನು ಬಿಸಿಲಿಗೆ ಹಾಕೋಣವೆಂದು ಮೊನ್ನೆ ಟ್ರಂಕು ತೆರೆದೆ. ಕೌದಿಯ ಮಡಿಕೆಯೊಳಗಿಂದ ಕೆಂಪು ಉಲ್ಲನ್ನಿನ ಉಂಡೆಯೊಂದು ಜಾರಿ, ಪಡಸಾಲೆ ತುಂಬಾ ಉರುಳಿ, ಹೊಸ್ತಿಲಿಗೆ ಬಡಿದು ನಿಂತಿತು. ಹೊರಗೆ ಯಾದಗಿರಿಯ ಬಿಸಿಲು. ಅದರ ಪರಿಚಯ ನಿಮಗಿಲ್ಲದಿದ್ದರೆ ಇಷ್ಟು ಹೇಳುತ್ತೇನೆ. ಇಲ್ಲಿ ಹಗ್ಗಕ್ಕೆ ಬಟ್ಟೆ ಹಾಕುತ್ತಾ ಹೋದರೆ, ಕೊನೆಯ ಬಟ್ಟೆ ಹಾಕುವ ಹೊತ್ತಿಗೆ ಮೊದಲನೆಯದು ಹಪ್ಪಳವಾಗಿರುತ್ತದೆ. ಇಂಥ ಊರಿನಲ್ಲಿ ಕೂತು ಉಲ್ಲನ್ನಿನ ಸ್ವೆಟರ್ ಹೆಣೆದವಳು ನಾನು. ನಗುವುದಿದ್ದರೆ ಪೂರ್ತಿ ಕೇಳಿ ನಗಿ.

ಹೆಣಿಗೆ ನನಗೆ ತೀರಾ ಹೊಸದೇನಲ್ಲ. ನನ್ನ ತವರು ಕೆಂಭಾವಿ. ಅಲ್ಲಿಯ ಶಾಲೆಗೆ ಎಲ್ಲಿಂದಲೋ ವರ್ಗವಾಗಿ ಬಂದ ಟೀಚರ್ ಬಾಯಿಯೊಬ್ಬರು ಹುಡುಗಿಯರಿಗೆಲ್ಲ ಹೆಣಿಗೆ ಕಲಿಸುತ್ತೇನೆಂದು ಹಟ ಹಿಡಿದಿದ್ದರು. ಹೆಣೆಯುವ ಕಡ್ಡಿ ಆ ಊರಲ್ಲಿ ಎಲ್ಲಿ ಸಿಗಬೇಕು? ಮುರಿದ ಸೈಕಲ್ ಗಾಲಿಯ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡು ಹೋಗಿದ್ದೆವು. ನಾನು ಶುರು ಮಾಡಿದ್ದು ಮಫ್ಲರು. ಪ್ರತಿ ಸಾಲಿನಲ್ಲೂ ಒಂದೆರಡು ಕುಣಿಕೆ ಕಡ್ಡಿಯಿಂದ ಜಾರಿ ಎತ್ತಲೋ ಹೋಗುತ್ತಿದ್ದವು. ಗೇಣಗಲದ ಮಫ್ಲರು ಸಣ್ಣಗಾಗುತ್ತಾ ಆಗುತ್ತಾ ಕೊನೆಗೆ ಉಡದಾರದಷ್ಟಾಗಿ ಮುಗಿಯಿತು. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕರುವಿನ ಕೊರಳಿಗೆ ಕಟ್ಟಿದಳು. ಕರು ಸಂಜೆಯೊಳಗೆ ಅದನ್ನು ತಿಂದಿತು. ನನ್ನ ಹೆಣಿಗೆಯನ್ನು ಯಾರಾದರೂ ಮನಸಾರೆ ಮೆಚ್ಚಿದ್ದರೆ ಆ ಕರು ಒಂದೇ.

ಮದುವೆಯಾಗಿ ಯಾದಗಿರಿಗೆ ಬಂದ ಮೇಲೆಯೂ ನನ್ನ ಕೈ ಸುಮ್ಮನೆ ಕೂತದ್ದಿಲ್ಲ. ಶುರು ಮಾಡುವುದರಲ್ಲಿ ನಾನು ಗಟ್ಟಿಗಿತ್ತಿ. ಒಂದು ಬದಿಗೆ ಮಾತ್ರ ಗಿಳಿಯಿರುವ ಬಾಗಿಲ ತೋರಣ, ಮುತ್ತು ಅರ್ಧ ಪೋಣಿಸಿದ ಆರತಿ ತಟ್ಟೆ, ಕೌದಿಯಾಗಬೇಕಿದ್ದ ಬಟ್ಟೆ ಚೂರುಗಳ ಗಂಟು, ಎಲ್ಲವೂ ಅಟ್ಟದ ಮೇಲಿವೆ. ಕಿರಾಣಿ ಅಂಗಡಿ ನಡೆಸುವ ನಮ್ಮ ಮನೆಯವರು ಅದಕ್ಕೆ ‘ಶಾಂತಾನ ಗೋದಾಮು’ ಎಂದು ಹೆಸರಿಟ್ಟಿದ್ದಾರೆ.

ಹೀಗಿರುವಾಗ ಪಕ್ಕದ ಮನೆಗೆ ಸುನೀತಾ ಬಾಡಿಗೆಗೆ ಬಂದಳು. ಅವಳ ಗಂಡನಿಗೆ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಊರು ದೂರದ ಹಿಮಾಚಲ. ಚಳಿಗಾಲದ ಬೆಳಗಿನ ಎಳೆ ಬಿಸಿಲಿಗೆ ಕಟ್ಟೆಯ ಮೇಲೆ ಕೂತು, ಕೈ ನೋಡದೆಯೇ, ಓಣಿಯಲ್ಲಿ ಹೋಗಿ ಬರುವವರನ್ನು ನೋಡುತ್ತಾ ಆಕೆ ಹೆಣೆಯುತ್ತಿದ್ದಳು. ನಾವು ಅಕ್ಕಿ ಹಸನು ಮಾಡುತ್ತಾ ಮಾತಾಡುವುದಿಲ್ಲವೇ, ಹಾಗೆ. ನನಗೆ ಹೊಟ್ಟೆಕಿಚ್ಚಾಯಿತು. ಹೋಗಿ ಎದುರಿಗೆ ಕೂತೆ.

ನನ್ನ ಹಿಂದಿ ಕೆಂಭಾವಿಯ ಬಳೆ ಮಾರುವ ಬೀಬಿಯಿಂದ ಕಲಿತದ್ದು. “ಮೇರೆಕು ಭೀ ಸಿಕಾವ್, ನಕ್ಕೋ ಮತ್ ಬೋಲೋ” ಎಂದೆ. ನನಗೂ ಕಲಿಸು, ನಕ್ಕೋ ಅಂದರೆ ಬೇಡ ಅನ್ನಬೇಡ, ಅಂತ. ಸುನೀತಾ ಕಡ್ಡಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೂ ಕಲಿಸಿದಳು. ಒಂದು ಸೀದಾ, ಒಂದು ಉಲ್ಟಾ. ಹೆಣಿಗೆಯ ಗುಟ್ಟೆಲ್ಲ ಅಷ್ಟೇ ಅಂತೆ. ಸೀದಾ ಹಾಕಬೇಕಾದಲ್ಲಿ ನಾನು ಉಲ್ಟಾ ಹಾಕಿದಾಗ ಆಕೆ ತಲೆಯಲ್ಲಾಡಿಸಿ “ನಕ್ಕೋ, ನಕ್ಕೋ” ಎನ್ನುತ್ತಿದ್ದಳು. ವಾರದೊಳಗೆ ಆ ಮಾತು ನನ್ನ ಬಾಯಿಗಿಂತ ಅವಳ ಬಾಯಲ್ಲೇ ಹೆಚ್ಚು ಬರತೊಡಗಿತು.

ಅದೇ ದಿನಗಳಲ್ಲಿ ನಮ್ಮ ಅತ್ತೆ ಬಾಂಬು ಹಾಕಿದ್ದು. ಅತ್ತೆ ಅಂದರೆ ನೀಲಮ್ಮ. ಕೊಂಕಲ್ಲಿನ ಒಕ್ಕಲುತನದ ಮನೆಯ ಮಗಳು, ಎಪ್ಪತ್ತು ದಾಟಿದ ಜೀವ. ಸುತ್ತಿ ಬಳಸಿ ಮಾತಾಡುವುದು ಅವರ ಜಾಯಮಾನವೇ ಅಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿಗೆ ಕೂತವರು ಮಗನ ಮುಖ ನೋಡಿ, “ಶರಣೂ, ಈ ಬ್ಯಾಸಗಿಗಿ ಓಣಿ ಮಂದಿ ಕೇದಾರಕ್ಕ ಹೊಂಟಾರ. ನಾನೂ ಹೋಗ್ತೀನಿ” ಎಂದರು.

ಇವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಯವ್ವಾ, ಅದೇನು ಕೊಂಕಲ್ಲೇನು? ಹಿಮ ಬೀಳ್ತದ ಅಲ್ಲಿ. ನಿನ್ನ ಮೊಳಕಾಲು ನೋಡಿಕೋ.”

“ಮೊಳಕಾಲು ನಂದು. ನಾ ನೋಡಿಕೋತೀನಿ.”

“ಥಂಡಿಗಿ ಏನು ಹಾಕ್ಕೊಂತಿ? ಒಂದು ಸ್ವೆಟರ್ ಹಾಕ್ಕೊಂಡು ಗೊತ್ತದೇನು ನಿನಗ?”

ಗೊತ್ತಿರಲಿಲ್ಲ. ಹಾಗಾಗಿ ಆಗಲೇ ಪರೀಕ್ಷೆ ನಡೆಯಿತು. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟು, ಇವರು ಒಮ್ಮೆಯೂ ತೊಡದ ಸ್ವೆಟರೊಂದು ಕಪಾಟಿನಲ್ಲಿತ್ತು. ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. ನಾನು ಅದನ್ನು ಅತ್ತೆಯ ತಲೆಗೆ ತೂರಿಸಿದೆ. ಸೆರಗು ಒಳಗೆ ಹೋಯಿತು, ತುರುಬು ಅಡ್ಡ ನಿಂತಿತು, ಒಂದು ಕೈ ತೋಳಿನಲ್ಲಿ, ಇನ್ನೊಂದು ಕೈ ಕೊರಳಿನಲ್ಲಿ. ಒಳಗಿನಿಂದ ದನಿ ಮಾತ್ರ ಬಂತು: “ಯಪ್ಪೋ, ಜ್ವಾಳದ ಹಗೇವಿನ್ಯಾಗ ಬಿದ್ದಂಗ ಆಗ್ಯಾದ, ತಗೀರೋ ನನ್ನ!”

ಹೊರತೆಗೆದ ಮೇಲೆ ಸುಧಾರಿಸಿಕೊಂಡು, ಕಂಬಳಿ ಹೊದ್ದು ಹೋಗುತ್ತೇನೆಂದರು. ಬೆಟ್ಟ ಹತ್ತಲು ಕುದುರೆಯ ಮೇಲೆ ಕೂತಾಗ ಕಂಬಳಿ ಹಿಡಿಯುವುದೋ ಜೀನು ಹಿಡಿಯುವುದೋ ಎಂದು ಇವರು ಕೇಳಿದರು. ಮಾತು ಮುಗಿದೇ ಹೋಯಿತು ಅನ್ನುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ. “ನಾ ಹೆಣದು ಕೊಡ್ತೀನಿ.”

ಇವರು ನನ್ನ ಕಡೆ ನೋಡಿದರು. ಮುಖದಲ್ಲಿ ಎಂಥ ಸಮಾಧಾನ ಅಂತೀರಿ! “ಆತು ಬಿಡವ್ವಾ. ಶಾಂತಾ ಸ್ವೆಟರ್ ಮುಗಸಲಿ. ಮುಗದ ದಿನಾನೇ ಟಿಕೀಟು ತಗಸ್ತೀನಿ” ಎಂದು ಕೈ ತೊಳೆದುಕೊಂಡು ಅಂಗಡಿಗೆ ಹೊರಟುಹೋದರು.

ಗಂಡ ನನ್ನ ಮೇಲೆ ಇಷ್ಟು ಭರವಸೆ ಇಟ್ಟಿದ್ದಾರಲ್ಲ ಎಂದು ನಾನು ಉಬ್ಬಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಹೇಳಿದರು: “ಹೌದವ್ವ, ಭಾಳ ಭರೋಸಾ ಅದ ಅವಂಗ. ನೀ ಮುಗಸಂಗಿಲ್ಲ ಅಂತ.”

ಆ ದಿನದಿಂದ ಅತ್ತೆ ನನ್ನ ಮೇಸ್ತ್ರಿಯಾದರು. ಬೆಳಗಿನ ಕೆಲಸ ಮುಗಿಯುವುದೇ ತಡ, “ಕಡ್ಡಿ ಎಲ್ಲಿ?” ಎನ್ನುವರು. ನಾನು ಪಲ್ಯ ಸೋಸಲು ಕೂತರೆ ಕೈಯಿಂದ ಕಿತ್ತುಕೊಂಡು, “ಇದು ನಾ ಮಾಡ್ತೀನಿ. ನೀ ಸೀದಾ ಉಲ್ಟಾ ಮಾಡು” ಎನ್ನುವರು. ಲಗ್ನವಾಗಿ ಇಷ್ಟು ವರ್ಷದಲ್ಲಿ ನನ್ನ ಕೈಯ ಕೆಲಸ ಅತ್ತೆ ಕಿತ್ತುಕೊಂಡದ್ದು ಅದೇ ಮೊದಲು. ಸ್ವೆಟರು ತುಸು ಸಾವಕಾಶವಾಗಿಯೇ ಆಗಲಿ ಎಂದು ಒಮ್ಮೊಮ್ಮೆ ಅನಿಸದೆ ಇರಲಿಲ್ಲ.

ವಿಭೂತಿ ಬಣ್ಣದ ಉಲ್ಲನ್ನು ಯಾದಗಿರಿಯ ಅಂಗಡಿಯೊಂದರಲ್ಲಿ ಸಿಕ್ಕಿತ್ತು. ಇದ್ದಷ್ಟನ್ನೂ ತಂದಿದ್ದೆ. ಸುನೀತಾ ತನ್ನ ಮೊಬೈಲಿನಲ್ಲಿ ಒಂದು ನಮೂನೆ ತೋರಿಸಿದಳು. ಗುಂಡಗಿನ ಕೊರಳು, ಎದೆಯ ಮೇಲೆ ಜಡೆಯಂಥ ಹೆಣಿಗೆ. ಅದನ್ನು ತೊಟ್ಟ ಹುಡುಗಿ ಬಳ್ಳಿಯಂತೆ ಇದ್ದಳು. ನಮ್ಮ ಅತ್ತೆ ಬೇವಿನ ಬೊಡ್ಡೆ. ಮೊದಲ ದಿನವೇ ಕುಣಿಕೆಗಳನ್ನು ಹೆಚ್ಚಿಸಿಕೊಂಡೆವು. ಬೆನ್ನಿನ ಭಾಗ ಹೇಗೋ ಮುಗಿಯಿತು. ಎದೆಯ ಭಾಗ ಅರ್ಧಕ್ಕೆ ಬಂದಾಗ ಅತ್ತೆ ಅದನ್ನು ಮೈಮೇಲೆ ಹಿಡಿದು ನೋಡಿ ಕೇಳಿದರು:

“ಇದರಾಗೂ ತಲಿ ತೂರಸಬೇಕೇನು?”

“ಹೌದ್ರಿ ಅತ್ತಿ.”

“ಮತ್ತ ಲಿಂಗಪ್ಪ ಎಲ್ಲಿ ಕೂಡಬೇಕು?”

ಅವರ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಎದೆಯ ಮೇಲೆ ಸದಾ ಇರುತ್ತದೆ. ದಿನಾ ಬೆಳಿಗ್ಗೆ ಅದರೊಳಗಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜಿಸಬೇಕು. ಉಲ್ಲನ್ನಿನ ಕೆಳಗೆ ಅದು ಸಿಕ್ಕಿಕೊಂಡರೆ ಕೇದಾರದ ಥಂಡಿಯಲ್ಲಿ ದಿನಾ ಸ್ವೆಟರು ಬಿಚ್ಚಬೇಕೇ? ಹೊರಗೆ ಬಿಟ್ಟುಕೊಂಡರೆ ಕುದುರೆ ಕುಣಿದಂತೆ ಲಿಂಗವೂ ಕುಣಿಯಬೇಕೇ? ಪ್ರಶ್ನೆ ಸರಿಯಾಗಿತ್ತು. ಎದೆಯ ಭಾಗ ಪೂರ್ತಿ ಬಿಚ್ಚಿದೆ. ಮುಂದೆ ತೆರೆಯುವ ಹಾಗೆ ಎರಡು ಹೋಳು ಹೆಣೆದು ನಡುವೆ ದೊಡ್ಡ ಗುಂಡಿ ಹಚ್ಚುವುದು, ಎಡಹೋಳಿನ ಒಳಬದಿಗೆ ಕರಡಿಗೆಗೆ ಒಂದು ಕಿಸೆ ಇಡುವುದು ಎಂದು ತೀರ್ಮಾನವಾಯಿತು. ಜಡೆಯ ಹೆಣಿಗೆ ಅಲ್ಲಿಗೇ ಕೈಬಿಟ್ಟೆವು. ಈ ಕಿಸೆ ಯಾಕೆಂದು ಸುನೀತಾಳಿಗೆ ತಿಳಿಸಲು ನನ್ನ ಹಿಂದಿಯೆಲ್ಲ ಖರ್ಚಾಯಿತು. ಕೊನೆಗೆ ಅವಳ ಮುಖ ಅರಳಿತು. “ಅಚ್ಛಾ! ಭಗವಾನ್ ಕಾ ಕಮ್ರಾ!” ಎಂದಳು. ದೇವರ ಕೋಣೆ. ಆಮೇಲೆ ನಾವು ಅದನ್ನು ಹಾಗೆಯೇ ಕರೆದೆವು. ದೇವರಿಗೆ ಕೋಣೆ ಸಿಕ್ಕ ಮೇಲೆ ಅಡಿಕೆ ಎಲೆಯ ಚೀಲ ಸುಮ್ಮನಿದ್ದೀತೇ? ಬಲಕ್ಕೆ ಅದಕ್ಕೂ ಒಂದು ಕಿಸೆಯಾಯಿತು.

ಬಲತೋಳಿನ ಬಾಯಿ ಹೆಣೆಯುವಾಗ ಇನ್ನೊಂದು ತೊಡಕು ಬಂತು. ಅತ್ತೆಯ ಬಲ ರಟ್ಟೆ ಪೂರ್ತಿ ಮೇಲೇಳುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೆ ಎಷ್ಟು ಏಳುವುದಿಲ್ಲ ಎಂದು ಗೊತ್ತಿರಲಿಲ್ಲ. ಅಳತೆಗೆಂದು ಭುಜ ಹಿಡಿದೆ. ಎಲುಬು ಒಂದು ಕಡೆ ಗಂಟುಕಟ್ಟಿತ್ತು.

“ಇದು ಯಾವಾಗ ಆಗಿದ್ದು ಅತ್ತಿ?”

“ಶರಣು ಹೊಟ್ಟ್ಯಾಗಿದ್ದಾಗ. ಅಟ್ಟದ ಮ್ಯಾಲಿಂದ ಜ್ವಾಳದ ಚೀಲ ಇಳಸಾಕ ಹೋಗಿ ಬಿದ್ದೆ. ಬಸರಿ ಹೆಂಗಸು, ಕೂಸು ಉಳಿದರ ಸಾಕು ಅಂತ ಎಲ್ಲಾರೂ ಹೊಟ್ಟಿ ನೋಡಿದರು. ರಟ್ಟಿ ಯಾರೂ ನೋಡಲಿಲ್ಲ.”

ಅತ್ತೆ ಮುಂದುವರಿಸಿದರು. ದನಿಯಲ್ಲಿ ದುಃಖವೇನಿರಲಿಲ್ಲ. ಹಳೆಯ ಸಾಮಾನು ತೋರಿಸುವವರ ದನಿ.

“ಆಗೇ ನಿಮ್ಮ ಮಾವ ಮಠದ ಮಂದಿ ಕೂಡ ಕೇದಾರಕ್ಕ ಹೊಂಟಿದ್ದರು. ನಂದೂ ಹೆಸರು ಹಚ್ಚಿದ್ದರು. ಬಿದ್ದಾಕಿ ಎಲ್ಲಿ ಹೋಗಲಿ? ಅವರು ಹೋಗಿ ಬಂದರು. ಮುಂದಿನ ಸಲ ನಿನ್ನ ಕರಕೊಂಡು ಹೋಗ್ತೀನಿ ಅಂದರು. ಆ ಸಲ ಬರಲಿಲ್ಲ, ಅವರೇ ಹೋದರು.” ಅತ್ತೆ ಒಮ್ಮೆಲೆ ನಕ್ಕುಬಿಟ್ಟರು. “ನೋಡು ಮತ್ತ, ನಿನ್ನ ಗಂಡ ಆಗ ಹೊಟ್ಟ್ಯಾಗ ಕೂತು ಅಡ್ಡ ಹಾಕಿದ. ಈಗ ಎದುರಿಗಿ ನಿಂತು ಅಡ್ಡ ಹಾಕಾಕತ್ತಾನ!”

ನಾನೂ ನಕ್ಕೆ. ನಕ್ಕು ತಿರುಗಿದರೆ ಬಾಗಿಲಲ್ಲಿ ಇವರು. ಊಟಕ್ಕೆಂದು ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವುದನ್ನು ಮರೆತು ನಿಂತಿದ್ದರು. ಉಂಡರು, ಹೋದರು. ಸಂಜೆ ಬಂದವರು ಮೊಬೈಲು ಅವ್ವನ ಮುಂದೆ ಹಿಡಿದರು.

“ಟಿಕೀಟು ಆಗ್ಯಾದ ಯವ್ವಾ. ನಿಂದೂ ನಂದೂ. ಓಣಿ ಮಂದಿ ಕೂಡೇ.”

“ಸ್ವೆಟರ್ ಇನ್ನೂ ಮುಗದಿಲ್ಲಲ್ಲೋ,” ಎಂದರು ಅತ್ತೆ.

“ಮುಗಸ್ತಾಳ. ಮುಗಸದೆ ಎಲ್ಲಿ ಹೋಗ್ತಾಳ?” ಎಂದು ನನ್ನ ಕಡೆ ನೋಡದೆ ಹೇಳಿದರು. ಆಮೇಲೆ ನನ್ನೆದುರು ಕೂತು ಎರಡೂ ಕೈ ಮುಂದೆ ಚಾಚಿ, “ಲಡಿ ಹಾಕು. ನಾ ಹಿಡಿತೀನಿ, ನೀ ಉಂಡಿ ಸುತ್ತು” ಎಂದರು. ಆ ಸಂಜೆ ಕಿರಾಣಿ ಸಾಮಾನು ಕೇಳಲು ಮನೆಗೇ ಬಂದ ಗಿರಾಕಿಯೊಬ್ಬ, ಉಲ್ಲನ್ನಿನಲ್ಲಿ ಕೈ ಕಟ್ಟಿಸಿಕೊಂಡು ಕೂತ ಅಂಗಡಿ ಶೆಟ್ಟರನ್ನು ನೋಡಿ, ಏನೂ ಕೇಳದೆ ಹಾಗೆಯೇ ವಾಪಸು ಹೋದ.

ಹೊರಡುವ ದಿನ ಗೊತ್ತಾದ ಕೂಡಲೇ ಉಲ್ಲನ್ನು ಖಾಲಿಯಾಯಿತು. ಬಿಚ್ಚಿ ಹೆಣೆದು, ದೇವರಿಗೂ ಅಡಿಕೆಗೂ ಕೋಣೆ ಕಟ್ಟಿ, ತೋಳಿನ ಬಾಯಿ ಅಗಲ ಮಾಡಿದರೆ ಮತ್ತಿನ್ನೇನಾಗಬೇಕು? ಎರಡೂ ತೋಳು ಮೊಳಕೈಯವರೆಗೆ ಬಂದು ನಿಂತವು. ತಂದ ಅಂಗಡಿಯಲ್ಲಿ ಆ ಬಣ್ಣ ಮುಗಿದಿತ್ತು. ಬಸ್ಸು ಹತ್ತಿ ಶಹಾಪುರಕ್ಕೆ ಹೋದೆ. ಚೈತ್ರದ ಮಟಮಟ ಮಧ್ಯಾಹ್ನ ಅಂಗಡಿಯವನ ಮುಂದೆ ನಿಂತು ಉಲ್ಲನ್ ಕೊಡಿ ಎಂದೆ. ಅವನು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಮೇಲೆ ಕೆಳಗೆ ನೋಡಿ, “ಉಲ್ಲನ್ ಇಲ್ರಿ ಅಕ್ಕಾರ, ಕೂಲರಿನ ಹುಲ್ಲು ಅದ. ಕೊಡಲೇನ್ರಿ?” ಎಂದ. ಮುಂದೆ ಸುರಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬೆಟ್ಟದ ಸಾಲಿನಲ್ಲೇ ಆಕಾರ ಮೂಡಿದ ಬುದ್ಧ ಕಂಡ. ಆ ಬಿಸಿಲಿನಲ್ಲಿ ನೆಮ್ಮದಿಯಿಂದ ಮಲಗಿದವನು ಅವನೊಬ್ಬನೇ. ಸುರಪುರದಲ್ಲಿ ಚಿಕ್ಕ ಮಕ್ಕಳ ಟೊಪ್ಪಿಗೆ ಸಿಕ್ಕಿತು, ಉಲ್ಲನ್ನಲ್ಲ. ಇಷ್ಟು ದೂರ ಬಂದವಳು ತವರಿಗಾದರೂ ಹೋಗಿ ಅವ್ವನ ಕೈಯ ಉಂಡಿ ಉಂಡು ಬರೋಣವೆಂದು ಕೆಂಭಾವಿಗೆ ಹೋದೆ.

ಅಂದು ಅಲ್ಲಿ ಸಂತೆ. ಎತ್ತಿನ ಹಗ್ಗ, ಮೂಗುದಾರ, ಗೆಜ್ಜೆ ಮಾರುವ ಮುದುಕನ ಅಂಗಡಿಯಲ್ಲಿ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೂ ಹಣೆಗೂ ಕಟ್ಟುವ ಗೊಂಡೆಗಳು ಜೋತಾಡುತ್ತಿದ್ದವು. ಕೆಂಪಂದರೆ ಕೆಂಪು. ಮುಟ್ಟಿ ನೋಡಿದೆ. ಉಲ್ಲನ್ನು! ಗೊಂಡೆ ಕಟ್ಟಲು ಇಟ್ಟಿದ್ದ ಲಡಿಗಳನ್ನೇ ಕೊಡು ಎಂದೆ. “ಎಷ್ಟು ಎತ್ತು ಅದಾವ ತಂಗಿ?” ಎಂದು ಮುದುಕ ಕೇಳಿದ.

“ಎತ್ತಿಗಲ್ಲ ಕಾಕಾ, ನಮ್ಮ ಅತ್ತಿಗಿ,” ಎಂದೆ. ಅವನು ಉಲ್ಲನ್ನು ಕಟ್ಟಿಕೊಟ್ಟ, ಆದರೆ ನಾನು ಸಂತೆ ದಾಟುವವರೆಗೂ ನನ್ನನ್ನೇ ನೋಡುತ್ತಿದ್ದ.

ಮನೆಗೆ ಬಂದು ಲಡಿಯನ್ನು ಅತ್ತೆಯ ಮುಂದಿಟ್ಟೆ. ಬೂದು ಸ್ವೆಟರಿಗೆ ಮೊಳಕೈಯಿಂದ ಕೆಳಗೆ ರಕ್ತಗೆಂಪು! ಎಲ್ಲಿ ಸಿಕ್ಕಿತೆಂದು ಕೇಳಿದರು. ಹೇಳಿದೆ. ಆ ನೂಲನ್ನು ಬೆರಳಿನಿಂದ ಸವರಿದರು. ನಂತರ ಹಣೆಗೆ ಒತ್ತಿಕೊಂಡರು.

“ಬಸವಣ್ಣಗ ಕಟ್ಟೋ ಉಲ್ಲನ್. ಶಿವನ ಮನಿಗಿ ಹೋಗಾಕಿ ಇದನ್ನ ಹಾಕ್ಕೊಂಡು ಹೋಗದೆ ಮತ್ತೇನು ಹಾಕ್ಕೊಂಡು ಹೋಗಲಿ? ಹೆಣಿ.”

ಹೆಣೆದೆ. ಹೊರಡುವ ದಿನವೂ ಹೆಣೆಯುತ್ತಲೇ ಇದ್ದೆ. ತೋಳು ಮುಗಿದಿದ್ದವು, ಗುಂಡಿ ಹಚ್ಚಿರಲಿಲ್ಲ. ಹಾಗೆಯೇ ಸೂಜಿ ದಾರ ಸಮೇತ ರಿಕ್ಷಾ ಹತ್ತಿದೆ. ಯಾದಗಿರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಂದು ತುದಿಯಿಂದ ನಾನು, ಇನ್ನೊಂದು ತುದಿಯಿಂದ ಸುನೀತಾ ಗುಂಡಿ ಹಚ್ಚತೊಡಗಿದೆವು. ಓಣಿಯ ಯಾತ್ರಿಕರೆಲ್ಲ ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ದಿಲ್ಲಿ ಗಾಡಿಯ ಶಿಳ್ಳೆ ಕೇಳಿದಾಗ ನಡುವಿನ ಗುಂಡಿ ಬಾಕಿ. ಇವರು ಚೀಲ ಹೊತ್ತುಕೊಂಡು, “ಶಾಂತಾ, ಗಾಡಿ ನಿನ್ನ ಸಲುವಾಗಿ ನಿಲ್ಲಂಗಿಲ್ಲ” ಎಂದು ಕುಣಿಯುತ್ತಿದ್ದರು. ಅತ್ತೆ ಮಾತ್ರ ಅಲುಗಾಡದೆ, “ಕೊನಿ ಗುಂಡಿ ಗಟ್ಟಿ ಹಾಕವ್ವ” ಎಂದರು. ನಾನು ಹಲ್ಲಿನಿಂದ ದಾರ ಕಡಿಯುವ ಹೊತ್ತಿಗೆ ಇವರು ಅತ್ತೆಯನ್ನು ಗಾಡಿ ಹತ್ತಿಸಿದ್ದರು, ಸ್ವೆಟರನ್ನು ಕಿಟಕಿಯೊಳಗೆ ಕೊಟ್ಟೆ. ಗಾಡಿ ಹೊರಟಿತು. ನಾನು ಹೆಣೆದ ಸ್ವೆಟರು ಕೇದಾರ ಕಾಣಲು ಹೋಯಿತು. ನಾನು ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡು ಮನೆಗೆ ಬಂದೆ.

ಹೋದವರಿಂದ ಕೆಲವು ದಿನ ಸುದ್ದಿಯೇ ಇಲ್ಲ. ಮೊಬೈಲು ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೂ ಕಣ್ಣ ಮುಂದೆ ಅದೇ: ಹೊಲಿಗೆ ಬಿಚ್ಚಿತೇ, ತೋಳು ಕಳಚಿ ಬಂತೇ, ಅತ್ತೆ ನಡುಗುತ್ತಿದ್ದಾರೆಯೇ. ಸಕ್ಕರೆ ಕೇಳಿದವರಿಗೆ ರವೆ ಕಟ್ಟಿದೆ. ಸುನೀತಾ ದಿನಾ ಬಂದು ತನ್ನೂರಿನ ಚಳಿಯ ಬಗ್ಗೆ ಹೇಳಿ ಧೈರ್ಯ ತುಂಬುತ್ತಿದ್ದಳು. ಅವಳ ಕಥೆ ಕೇಳಿದ ಮೇಲೆ ಇದ್ದ ಧೈರ್ಯವೂ ಹೋಗುತ್ತಿತ್ತು. ಒಂದು ಬೆಳಿಗ್ಗೆ ಫೋನು ಬಂತು. ಗಾಳಿಯ ಭೋರ್ಗರೆತ, ಗಂಟೆಯ ಸದ್ದು, ನಡುವೆ ಅತ್ತೆಯ ದನಿ.

“ಶಾಂತಾ, ಕಂಡೆ ನೋಡವ್ವ! ಕಣ್ತುಂಬ ಕಂಡೆ!”

“ಥಂಡಿ ಅದ ಏನ್ರಿ ಅತ್ತಿ?” ಎಂದೆ.

“ಇರಲಾರದೆ ಏನು? ನಿನ್ನ ಗಂಡ ಹಲ್ಲು ಕಡಿಯಾಕತ್ತಾನ. ನನಗೇನಾಗಿಲ್ಲ. ಲಿಂಗಪ್ಪನೂ ಬೆಚ್ಚಗ ಅದಾನ.”

ಅಷ್ಟರಲ್ಲಿ ಫೋನು ಕಡಿದುಹೋಯಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, ಎದುರಿಗಿದ್ದ ಗಿರಾಕಿಗೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಸಕ್ಕರೆ ಹಾಕಿದೆ.

ಅವರು ಮರಳಿದ್ದು ಉರಿ ಮಧ್ಯಾಹ್ನ. ಸ್ಟೇಷನ್ನಿನ ನೆಲ ಚಪ್ಪಲಿ ದಾಟಿ ಸುಡುತ್ತಿತ್ತು. ಗಾಡಿಯಿಂದ ಮೊದಲು ಚೀಲಗಳಿಳಿದವು, ನಂತರ ಇವರು, ಅವರ ಹಿಂದೆ ಅತ್ತೆ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮೈಮೇಲೆ ಸ್ವೆಟರು! ಗುಂಡಿಗಳೆಲ್ಲ ಹಾಕಿಯೇ ಇದ್ದವು. ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ಬಾಯಿ ತೆರೆದು ನೋಡುತ್ತಿದ್ದರು.

“ಅಯ್ಯ, ತಗೀರಿ ಅತ್ತಿ, ಸತ್ತುಹೋದೀರಿ,” ಎಂದು ಗುಂಡಿಗೆ ಕೈ ಹಾಕಿದೆ. ಕೈ ಮೇಲೆ ಒಂದು ಪೆಟ್ಟು ಬಿತ್ತು.

“ಸುಮ್ಮನಿರು. ಓಣಿ ಬರಲಿ.”

“ಸೊಲ್ಲಾಪುರದಿಂದ ಹೇಳಾಕತ್ತೇನಿ, ಕೇಳವಲ್ಲಳು,” ಎಂದರು ಇವರು.

ಓಣಿಯ ಬಾಯಿಗೇ ರಿಕ್ಷಾ ನಿಲ್ಲಿಸಿ ಇಳಿದರು. ಅಲ್ಲಿಂದ ನಮ್ಮ ಮನೆಯವರೆಗೆ, ಮೊಳಕಾಲು ನೋವಿನವರು ಹೇಗೆ ನಡೆಯಬೇಕೋ ಅದಕ್ಕಿಂತಲೂ ನಿಧಾನವಾಗಿ ನಡೆದರು. ಒಂದೊಂದೇ ಬಾಗಿಲು ತೆರೆಯಿತು. ಮನೆ ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಹೆಂಗಸರ ಸಂತೆ. ಅಲ್ಲಿ ಕೂತು ಅತ್ತೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಸ್ವೆಟರು ಕೈಯಿಂದ ಕೈಗೆ ಹೋಯಿತು. ಒಬ್ಬರು ದೇವರ ಕೋಣೆಯೊಳಗೆ ಕೈ ಹಾಕಿ ನೋಡಿದರು. ಎದುರುಮನೆಯ ಗಂಗಮ್ಮ ತೊಟ್ಟೇ ನೋಡಿ, ಬೆವರಿ, ತೆಗೆಯಲು ಮನಸ್ಸಾಗದೆ ಹಾಗೆಯೇ ಕೂತಳು.

“ಎಷ್ಟು ಛಂದ ಅದರೀ ನೀಲಮ್ಮ. ಎಲ್ಲಿ ತಗೊಂಡ್ರಿ?”

ನಾನು ಒಳಗಿನಿಂದ ನೀರಿನ ಚರಿಗೆ ತರುತ್ತಿದ್ದೆ. ಬಾಗಿಲಲ್ಲೇ ನಿಂತೆ.

“ನನ್ನ ಸೊಸಿ ಹೆಣದಾಳ,” ಎಂದರು ಅತ್ತೆ, ಓಣಿಯ ಆ ತುದಿಗೂ ಕೇಳುವಂತೆ. “ಒಂದು ತೋಳು ತುಸು ಉದ್ದ ಆಗ್ಯಾದ. ಆದರ ಆಗಲಿ, ಕೇದಾರದಾಗ ಯಾರೂ ಅಳದು ನೋಡಲಿಲ್ಲ.”

ತೋಳು ಉದ್ದವಾದದ್ದು ನನಗೆ ಗೊತ್ತೇ ಇರಲಿಲ್ಲ.

ಗಂಗಮ್ಮ ಚರಿಗೆ ಹಿಡಿದ ನನ್ನ ಕೈಯನ್ನೇ ಹಿಡಿದುಕೊಂಡಳು. “ಶಾಂತಕ್ಕ, ನನಗೂ ಒಂದು ಹೆಣದು ಕೊಡ್ರೀ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: “ನೀ ಎಲ್ಲಿಗಿ ಹೋಗಾಕಿ, ಮೊದಲ ಅದನ್ನ ಹೇಳು. ಮನ್ಯಾಗ ಕೂಡೋರಿಗಿ ಹೆಣಿಯಾಕಿ ಅಲ್ಲ ನನ್ನ ಸೊಸಿ.”